ನೆಲ ಕುಸಿದರೆ ಹಳಿ ನಿಂತೀತೆ?

ಏಪ್ರಿಲ್ ತಿಂಗಳಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೊರಟವರಿಗೆ ದಾರಿಯ ಅಕ್ಕಪಕ್ಕದ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿರುವುದು ಕಾಣುತ್ತದೆ. ತೊಗರಿ, ಕಡಲೆ ಕಟಾವಾಗಿ ಖಾಲಿ ಬಿದ್ದ ನೆಲ. ಬಿರುಕಿನೊಳಗೆ ಕೈ ಇಳಿಸಿದರೆ ಮೊಳಕೈವರೆಗೂ ಇಳಿದೀತು. ಅದೇ ಹೊಲಕ್ಕೆ ಜುಲೈ ತಿಂಗಳಲ್ಲಿ ಹೋಗಿ ನೋಡಿ. ಬಿರುಕು ಇದ್ದ ಗುರುತೂ ಸಿಗುವುದಿಲ್ಲ. ಮಣ್ಣು ನೀರು ಕುಡಿದು ಉಬ್ಬಿರುತ್ತದೆ. ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವಷ್ಟು ಅಂಟಾಗಿರುತ್ತದೆ.

ಇಂಥ ನೆಲದಲ್ಲಿ ಮನೆ ಕಟ್ಟಿದವರಿಗೆ ಈ ಮಣ್ಣಿನ ಗುಣ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಗೋಡೆಯ ಮೂಲೆಯಿಂದ ಓರೆಯಾಗಿ ಒಂದು ಸೀಳು ಹೊರಡುತ್ತದೆ. ಮಳೆಗಾಲದಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಒಂದು ಕಡೆ ಎದ್ದು ನಿಲ್ಲುತ್ತದೆ. ಅದಕ್ಕೇ ಈ ಭಾಗದ ಅನುಭವಿ ಗೌಂಡಿಗಳು ಬುನಾದಿ ಅಗೆಯುವಾಗ ಕರಿಮಣ್ಣು ದಾಟಿ ಗರಸು ಸಿಗುವ ತನಕ ಗುದ್ದಲಿ ಕೆಳಗಿಡುವುದಿಲ್ಲ.

ಮನೆಯ ಗೋಡೆ ಬಿರುಕು ಬಿಟ್ಟರೆ ಸಿಮೆಂಟು ಮೆತ್ತಿ ಒಂದು ವರ್ಷ ದೂಡಬಹುದು. ಆದರೆ ಅದೇ ಮಣ್ಣಿನ ಮೇಲೆ ರೈಲು ಓಡುತ್ತಿದ್ದರೆ? ಬೀದರಿನಿಂದ ಹುಮನಾಬಾದ್ ಮಾರ್ಗವಾಗಿ ಕಲಬುರಗಿಗೆ ಹೋಗುವ 110 ಕಿಲೋಮೀಟರ್ ಉದ್ದದ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಕರಿಮಣ್ಣು, ಜಂಬಿಟ್ಟಿಗೆ, ಕರಿಕಲ್ಲು ಎಲ್ಲವೂ ಸಿಗುವ ಸೀಮೆ ಇದು. ದಾರಿಯಲ್ಲಿ ಮರಗುತ್ತಿಯ ಬಳಿ ಗುಡ್ಡವನ್ನೇ ಕೊರೆದು ಸುರಂಗ ಮಾಡಲಾಗಿದೆ. ಊರಿನ ಹುಡುಗರು ಈಗ ರೈಲು ಹತ್ತಿ ಓದಲು ಹೋಗುತ್ತಾರೆ. ಬೆಂಗಳೂರು ಸೇರಿದವರು ಅಲ್ಲಿ ನೆಲದಡಿಯ ಮೆಟ್ರೊ ಹತ್ತುತ್ತಾರೆ. ಎರಡೂ ಕಡೆ ಅವರನ್ನು ಹೊತ್ತಿರುವುದು ಹಳಿಯಲ್ಲ, ಹಳಿಯ ಕೆಳಗಿನ ಮಣ್ಣು. ಆ ಮಣ್ಣು ಕದಲದಂತೆ ನೋಡಿಕೊಳ್ಳುವುದೇ ಒಂದು ವಿಜ್ಞಾನ.

ಮಣ್ಣು ಉಬ್ಬುವುದೇಕೆ?

ದಖ್ಖನ್ ಪ್ರಸ್ಥಭೂಮಿಯಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ರಸ ಗಟ್ಟಿಯಾಗಿ ಕರಿಕಲ್ಲಾಯಿತು. ಆ ಕಲ್ಲು ಕಾಲಕ್ರಮದಲ್ಲಿ ಶಿಥಿಲಗೊಂಡು ಎರೆಮಣ್ಣಾಯಿತು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಇಸ್ಪೀಟು ಎಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಇದರ ರಚನೆ. ಎಲೆಗಳ ನಡುವಿನ ಹಿಡಿತ ಸಡಿಲ. ನೀರು ಆ ಸಂದುಗಳಿಗೆ ನುಗ್ಗಿ ಎಲೆಗಳನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಆರಿದರೆ ಎಲೆಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಸೀಳುತ್ತದೆ.

ರೈತನಿಗೆ ಇದು ವರ. ತೇವವನ್ನು ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬೆಳೆಯುತ್ತದೆ. ಇಂಜಿನಿಯರಿಗೆ ಮಾತ್ರ ಅದೇ ತಲೆನೋವು.

ಉಬ್ಬುವ ಮಣ್ಣಷ್ಟೇ ಅಲ್ಲ, ಎಲ್ಲ ಮಣ್ಣೂ ಭಾರ ಹೇರಿದರೆ ಅಷ್ಟಿಷ್ಟು ಕುಸಿಯುತ್ತದೆ. ಮರಳು ಕೂಡಲೇ ಕುಸಿದು ನಿಲ್ಲುತ್ತದೆ. ಜೇಡಿ ಹಾಗಲ್ಲ. ನೀರು ತುಂಬಿದ ಸ್ಪಂಜನ್ನು ಅಂಗೈಯಿಂದ ಒತ್ತಿದಂತೆ ಅದು. ನೀರು ಹೊರಗೆ ಹರಿದಷ್ಟೇ ಸ್ಪಂಜು ತಗ್ಗುತ್ತದೆ. ಜೇಡಿಯ ರಂಧ್ರಗಳು ಬಹಳ ಸಣ್ಣವು. ನೀರು ಹೊರಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಏರಿ ಕಟ್ಟಿ, ಹಳಿ ಹಾಕಿ, ರೈಲು ಓಡಿಸಿದ ಮೇಲೂ ಕೆಳಗಿನ ನೆಲ ನಿಧಾನವಾಗಿ ಇಳಿಯುತ್ತಲೇ ಇರಬಹುದು.

ಈ ನಿಧಾನದ ಕುಸಿತವನ್ನು ಲೆಕ್ಕಕ್ಕೆ ಹಿಡಿದವರು ಆಸ್ಟ್ರಿಯಾದ ಇಂಜಿನಿಯರ್ ಕಾರ್ಲ್ ಟೆರ್ಜಾಗಿ. ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತಿದ್ದಾಗ ಸರಳ ಉಪಕರಣಗಳನ್ನು ತಾವೇ ಹೊಂದಿಸಿಕೊಂಡು ಜೇಡಿಮಣ್ಣನ್ನು ಒತ್ತಿ ಒತ್ತಿ ಅಳೆದರು. 1925ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಮಣ್ಣಿನ ಯಂತ್ರಶಾಸ್ತ್ರ ಎಂಬ ಶಾಖೆ ನಿಂತಿರುವುದು ಆ ಅಡಿಪಾಯದ ಮೇಲೆ.

ಎಷ್ಟು ಎನ್ನುವುದಕ್ಕಿಂತ ಎಲ್ಲಿ?

ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹುಮನಾಬಾದ್ ನಿಲ್ದಾಣವೂ ಅದರ ಎರಡೂ ಬದಿಯ ಹಳಿಯೂ ಒಟ್ಟಾಗಿ ಎರಡು ಅಂಗುಲ ಕೆಳಗಿಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಪಾಯ ಇರುವುದು ಒಂದು ಕಡೆ ಇಳಿದು ಪಕ್ಕದಲ್ಲಿ ಇಳಿಯದಿದ್ದಾಗ. ಇದನ್ನು ಅಸಮ ಕುಸಿತ ಎನ್ನುತ್ತಾರೆ. ಮನೆಯ ಗೋಡೆ ಸೀಳುವುದೂ ಇದರಿಂದಲೇ, ಹಳಿ ತಿರುಚಿಕೊಳ್ಳುವುದೂ ಇದರಿಂದಲೇ.

ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಅದರ ಮೇಲೆ ಓಡುವ ದೊಡ್ಡ ಡೀಸೆಲ್ ಎಂಜಿನ್ನಿನ ತೂಕ 120 ಟನ್ನಿಗೂ ಹೆಚ್ಚು. ಒಂದೊಂದು ಅಚ್ಚಿನ ಮೇಲೆ ಸುಮಾರು 20 ಟನ್ ಭಾರ. ಎಡಹಳಿ ಇದ್ದಲ್ಲೇ ಇದ್ದು ಬಲಹಳಿ ಕೆಲವೇ ಮೀಟರುಗಳ ಅಂತರದಲ್ಲಿ ತಗ್ಗಿದರೆ ಒಂದು ಗಾಲಿಯ ಮೇಲಿನ ಭಾರ ಹಗುರಾಗುತ್ತದೆ. ಹಗುರಾದ ಗಾಲಿ ಹಳಿಯನ್ನು ಹತ್ತಿ ಇಳಿಯುವ ಸಂಭವವಿದೆ. ಅದಕ್ಕೇ ರೈಲ್ವೆಯವರ ಲೆಕ್ಕವೆಲ್ಲ ಮಿಲಿಮೀಟರಿನಲ್ಲಿ.

ಸೇತುವೆಯ ಅಂಚು ಇಂಥ ಕುಸಿತಕ್ಕೆ ಹೆಸರಾದ ಜಾಗ. ಸೇತುವೆ ಗಟ್ಟಿ ಬಂಡೆಯ ಮೇಲೆ ನಿಂತಿರುತ್ತದೆ, ಕದಲುವುದಿಲ್ಲ. ಅದಕ್ಕೆ ತಾಗಿದ ಮಣ್ಣಿನ ಏರಿ ವರ್ಷವರ್ಷವೂ ಸ್ವಲ್ಪ ತಗ್ಗುತ್ತದೆ. ರೈಲು ಸೇತುವೆ ಏರುವಾಗ, ಇಳಿಯುವಾಗ ಬೋಗಿ ಒಮ್ಮೆ ಕುಲುಕಿದಂತಾಗಲು ಈ ತಗ್ಗೂ ಒಂದು ಕಾರಣ.

ಹಳಿಯ ಕೆಳಗೆ ಏನಾಗುತ್ತದೆ?

ಹಳಿಯ ಕೆಳಗೆ ಸ್ಲೀಪರು, ಅದರ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಮಣ್ಣಿನ ಏರಿ. ಜಲ್ಲಿಯ ಕೆಲಸ ಭಾರವನ್ನು ಹರಡುವುದು ಮತ್ತು ನೀರನ್ನು ಬಸಿಯುವುದು. ಏರಿಯ ಮೇಲ್ಭಾಗ ಎರೆಮಣ್ಣಾಗಿದ್ದರೆ ಮಳೆಗಾಲದಲ್ಲಿ ಅದು ಮೆತ್ತಗಾಗುತ್ತದೆ. ಪ್ರತಿ ರೈಲೂ ಜಲ್ಲಿಯನ್ನು ಒಂದಿಷ್ಟು ಒಳಗೆ ತುಳಿಯುತ್ತದೆ. ಹೀಗೆ ಮಣ್ಣಿನೊಳಗೆ ಜಲ್ಲಿ ತುಂಬಿದ ಬೋಗುಣಿಯಂಥ ತಗ್ಗುಗಳಾಗುತ್ತವೆ. ಅಲ್ಲಿ ನೀರು ನಿಂತು ಸುತ್ತಲಿನ ಮಣ್ಣನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಗಾಲಿ ಹಾದಾಗಲೆಲ್ಲ ಕೆಸರು ಜಲ್ಲಿಯ ಸಂದಿನಿಂದ ಮೇಲಕ್ಕೆ ಚಿಮ್ಮುತ್ತದೆ. ಹಳಿಯ ಪಕ್ಕದ ಜಲ್ಲಿ ಒಂದೆಡೆ ಕೆಸರು ಮೆತ್ತಿಕೊಂಡು ಬಿಳಿಚಿಕೊಂಡಿದ್ದರೆ ಕೆಳಗಿನ ನೆಲ ನೀರು ಹಿಡಿದಿದೆ ಎಂದೇ ಅರ್ಥ.

ಮೊದಲ ಮದ್ದು ಜಲ್ಲಿಯನ್ನು ಮತ್ತೆ ಬಿಗಿಗೊಳಿಸುವುದು. ಟ್ಯಾಂಪಿಂಗ್ ಯಂತ್ರ ಹಳಿಯನ್ನು ಎತ್ತಿ ಹಿಡಿದು, ಸ್ಲೀಪರಿನ ಅಡಿಗೆ ಜಲ್ಲಿಯನ್ನು ತುರುಕಿ ಮಟ್ಟ ಸರಿಮಾಡುತ್ತದೆ. ಅಲ್ಲಿಯವರೆಗೆ ಆ ಜಾಗದಲ್ಲಿ ರೈಲಿನ ವೇಗಕ್ಕೆ ಮಿತಿ ಹಾಕುತ್ತಾರೆ. ಆದರೆ ಕೆಳಗಿನ ಮಣ್ಣಿಗೆ ಚಿಕಿತ್ಸೆ ಆಗದಿದ್ದರೆ ಇದು ಜ್ವರಕ್ಕೆ ಗುಳಿಗೆ ನುಂಗಿದಂತೆ. ಮುಂದಿನ ಮಳೆಗೆ ಕಾಯಿಲೆ ಮರುಕಳಿಸುತ್ತದೆ.

ನಿಜವಾದ ಪರಿಹಾರ ಮಾರ್ಗ ಕಟ್ಟುವಾಗಲೇ ಆಗಬೇಕು. ಎರೆಮಣ್ಣಿಗೂ ಜಲ್ಲಿಗೂ ನಡುವೆ ಗಟ್ಟಿ ಗರಸಿನಂಥ, ಉಬ್ಬದ ಮಣ್ಣಿನ ದಪ್ಪ ಪದರ ಹಾಸುತ್ತಾರೆ. ರೈಲ್ವೆ ಭಾಷೆಯಲ್ಲಿ ಇದಕ್ಕೆ ಬ್ಲಾಂಕೆಟ್ ಎಂದೇ ಹೆಸರು. ಮುಂಬಯಿ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರ ಹಾಕಿದರೆ ಕೆಳಗಿನ ಕರಿಮಣ್ಣಿನ ಉಬ್ಬರ ತಗ್ಗುತ್ತದೆ ಎಂದು ತೋರಿಸಿದರು. ಕಟ್ಟಡಗಳಿಗಾದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ, ಬುಡದಲ್ಲಿ ಗಡ್ಡೆಯಂತೆ ದಪ್ಪವಾಗಿರುವ ಕಾಂಕ್ರೀಟ್ ಕಂಬಗಳಿವೆ. ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣವನ್ನೇ ತಗ್ಗಿಸುವುದೂ ಉಂಟು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಉಪಾಯವೆಂದರೆ ಹಳಿಯ ಬದಿಯ ಚರಂಡಿಯನ್ನು ಸ್ವಚ್ಛವಾಗಿಡುವುದು. ನೀರು ನಿಲ್ಲದಿದ್ದರೆ ಎರೆಮಣ್ಣಿನ ಅರ್ಧ ಹಟ ಅಲ್ಲಿಗೇ ಮುಗಿಯಿತು.

ಸುರಂಗ ಕೊರೆದಾಗ

ಇಷ್ಟು ನೆಲದ ಮೇಲಿನ ಹಳಿಯ ಮಾತು. ಹಳಿ ನೆಲದೊಳಗೇ ಹೋದರೆ?

ನೆಲದಡಿಯ ಸುರಂಗ ಬೀದರ್ ಜಿಲ್ಲೆಗೆ ಹೊಸದೇನಲ್ಲ. ಬೀದರಿನ ನೌಬಾದ್ ಬಳಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಮೇಲಿನ ಜಂಬಿಟ್ಟಿಗೆಯಲ್ಲಿ ಇಂಗಿದ ನೀರು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ ಎಂಬುದನ್ನು ಅರಿತು, ಆ ನೀರನ್ನು ಊರಿಗೆ ಹರಿಸಲು ತೋಡಿದ ಸುರಂಗ ಅದು. ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಂಡಿಗಳು. ಯಾವ ಕಲ್ಲು ತಾನೇ ನಿಲ್ಲುತ್ತದೆ, ಎಲ್ಲಿ ನೀರು ಬರುತ್ತದೆ ಎಂಬುದನ್ನು ಓದಿಕೊಂಡೇ ಅವರು ಗುದ್ದಲಿ ಹಾಕಿದ್ದರು. ಇಂದಿನ ಮೆಟ್ರೊ ಇಂಜಿನಿಯರನ ಮೊದಲ ಪಾಠವೂ ಅದೇ.

ಬೆಂಗಳೂರಿನಲ್ಲಿ ನೆಲದಡಿಯ ಮೆಟ್ರೊ ಮೊದಲು ಸಂಚರಿಸಿದ್ದು 2016ರಲ್ಲಿ, ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟಿ ನಗರ ರೈಲು ನಿಲ್ದಾಣದ ಕಡೆಗೆ. ಎರಡನೆಯ ಹಂತದಲ್ಲಿ ಡೈರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿಲೋಮೀಟರ್ ಉದ್ದದ ಸುರಂಗ ಮಾರ್ಗ. ಇದಕ್ಕಾಗಿ ಒಂಬತ್ತು ಯಂತ್ರಗಳು ದುಡಿದವು. ಕೊನೆಯದಾಗಿ ‘ತುಂಗಾ’ ಎಂಬ ಯಂತ್ರ 2024ರ ಅಕ್ಟೋಬರ್ ಕೊನೆಯಲ್ಲಿ ನಾಗವಾರ ತಲುಪಿ ಹೊರಬಂದಿತು.

ಬೆಂಗಳೂರಿನ ನೆಲ ಎರೆಯಲ್ಲ. ಅಲ್ಲಿ ಗಟ್ಟಿ ಬಂಡೆ, ಅರೆಬರೆ ಶಿಥಿಲವಾದ ಕಲ್ಲು, ಮೆತ್ತನೆ ಮಣ್ಣು, ನಡುವೆ ಗುಂಡುಕಲ್ಲು ಎಲ್ಲವೂ ಬೆರೆತಿವೆ. ಯಂತ್ರದ ಮುಖದ ಕೆಳಭಾಗ ಬಂಡೆಗೆ ತಾಗಿ ನಿಧಾನವಾದಾಗ ಮೇಲ್ಭಾಗದ ಮೆತ್ತನೆ ಮಣ್ಣು ಮಾತ್ರ ಸುಮ್ಮನಿರದೆ ಒಳಗೆ ಸುರಿಯುತ್ತಲೇ ಇರುತ್ತದೆ. ಲೆಕ್ಕಕ್ಕಿಂತ ಹೆಚ್ಚು ಮಣ್ಣು ಹೊರಬಂದರೆ ಸುರಂಗದ ಮೇಲೆ ಒಂದು ಟೊಳ್ಳು ಉಳಿಯುತ್ತದೆ. ಅದು ದಿನಗಳೆದಂತೆ ಮೇಲಕ್ಕೆ ಹತ್ತಿ ಒಂದು ದಿನ ರಸ್ತೆಯನ್ನೇ ನುಂಗುತ್ತದೆ. ಮುಚ್ಚಿ ಮರೆತುಹೋದ ಹಳೆಯ ಬಾವಿಗಳೂ ಹೀಗೆಯೇ ಬಲೆಯೊಡ್ಡಿ ಕಾದಿರುತ್ತವೆ. 2023ರ ಜನವರಿ 12ರಂದು ಬ್ರಿಗೇಡ್ ರಸ್ತೆಯ ಬಳಿ, ಮೆಟ್ರೊ ಸುರಂಗದ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ರಸ್ತೆ ಕುಸಿದು ದೊಡ್ಡ ಗುಂಡಿ ಬಿತ್ತು. ಬೈಕ್ ಸವಾರರೊಬ್ಬರು ಗಾಯಗೊಂಡರು.

ಒಂದು ಸಣ್ಣ ಲೆಕ್ಕ

ಸುರಂಗದ ಮೇಲೆ ನೆಲ ಎಷ್ಟು ಕುಸಿದೀತು ಎಂದು ಮೊದಲೇ ಹೇಳಲು ಸಾಧ್ಯವೆ? ಅಮೆರಿಕದ ರಾಲ್ಫ್ ಪೆಕ್ 1969ರಲ್ಲಿ ಅನೇಕ ಸುರಂಗಗಳ ಅಳತೆಗಳನ್ನು ಒಟ್ಟುಗೂಡಿಸಿ, ಈ ಕುಸಿತ ತಲೆಕೆಳಗಾದ ಗಂಟೆಯ ಆಕಾರದಲ್ಲಿರುತ್ತದೆ ಎಂದು ತೋರಿಸಿದರು. ಪಿಯುಸಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಲೆಕ್ಕ ಇದು.

ಸುರಂಗದ ಅಡ್ಡಳತೆ 6.5 ಮೀಟರ್, ಆಳ 16 ಮೀಟರ್ ಎಂದುಕೊಳ್ಳಿ. ಸುರಂಗದ ಬಾಯಿಯ ವಿಸ್ತೀರ್ಣ ಸುಮಾರು 33 ಚದರ ಮೀಟರ್. ಕೊರೆಯುವಾಗ ನೂರಕ್ಕೆ ಒಂದು ಪಾಲು ಮಣ್ಣು ಹೆಚ್ಚಾಗಿ ಒಳಬಂದರೆ ಪ್ರತಿ ಮೀಟರ್ ಉದ್ದಕ್ಕೆ 0.33 ಘನ ಮೀಟರ್ ನಷ್ಟ. ಆಳದ ಅರ್ಧವನ್ನು, ಅಂದರೆ 8 ಮೀಟರನ್ನು, ಎರಡೂವರೆಯಿಂದ ಗುಣಿಸಿದರೆ 20. ನಷ್ಟವನ್ನು ಇದರಿಂದ ಭಾಗಿಸಿದರೆ 0.0165 ಮೀಟರ್. ಅಂದರೆ ಸುರಂಗದ ನೆತ್ತಿಯ ಮೇಲೆ ನೆಲ ಸುಮಾರು 17 ಮಿಲಿಮೀಟರ್ ಇಳಿಯುತ್ತದೆ. 20 ಮೀಟರ್ ಆಚೆಗೆ ಹೋದರೆ ಕುಸಿತ ಇಲ್ಲವೆನ್ನುವಷ್ಟು ಕಡಿಮೆ. ನಷ್ಟ ಮೂರು ಪಾಲಾದರೆ ಕುಸಿತವೂ ಮೂರು ಪಟ್ಟು, 50 ಮಿಲಿಮೀಟರ್! ಆ ಗಂಟೆಯ ಇಳಿಜಾರಿನ ಮೇಲೆ ಹಳೆಯ ಇಟ್ಟಿಗೆ ಮನೆಯೊಂದಿದ್ದರೆ ಅದರ ಒಂದು ಗೋಡೆ ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ. ಮತ್ತೆ ಅದೇ ಅಸಮ ಕುಸಿತ.

ಅಳತೆ ಕಾಪಾಡಿತು, ನೀರು ಕೆಡಿಸಿತು

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೋಲ್ಕತ್ತದ ಬೌಬಜಾರ್ ಸಾಕ್ಷಿ. 2019ರ ಆಗಸ್ಟ್ 31ರಂದು ಈಸ್ಟ್ ವೆಸ್ಟ್ ಮೆಟ್ರೊ ಸುರಂಗದ ಯಂತ್ರ ನೆಲದಡಿಯ ನೀರಿನ ಪದರಕ್ಕೆ ತಾಗಿತು. ನೀರಿನೊಂದಿಗೆ ಮಣ್ಣೂ ಸುರಂಗಕ್ಕೆ ನುಗ್ಗಿತು. ಮೇಲಿದ್ದ ಹಳೆಯ ಮನೆಗಳು ಬಿರಿದವು, ಕೆಲವು ಕುಸಿದೇ ಬಿದ್ದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೋಟೆಲುಗಳಲ್ಲಿ ದಿನ ಕಳೆಯಬೇಕಾಯಿತು. 2022ರಲ್ಲಿ ಅದೇ ಭಾಗದಲ್ಲಿ ಮತ್ತೆ ಬಿರುಕುಗಳು ಕಾಣಿಸಿಕೊಂಡವು. ಎಸ್‌ಪ್ಲನೇಡ್ ಮತ್ತು ಸಿಯಾಲ್ದಾ ನಡುವಿನ ಆ ತುಂಡು ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ.

ಜರ್ಮನಿಯ ರಾಸ್ಟಾಟ್‌ನಲ್ಲಿ ಇನ್ನೊಂದು ಬಗೆ. 2017ರ ಆಗಸ್ಟ್ 12ರಂದು, ರೈಲು ಓಡುತ್ತಿದ್ದ ಮಾರ್ಗದ ಕೆಳಗೇ ಹೊಸ ಸುರಂಗ ಕೊರೆಯುತ್ತಿದ್ದಾಗ ಹಳಿ ಸುಮಾರು ಅರ್ಧ ಮೀಟರ್ ಕುಸಿಯಿತು. ಯುರೋಪಿನ ಮುಖ್ಯ ಮಾರ್ಗಗಳಲ್ಲಿ ಒಂದು ಅಕ್ಟೋಬರ್ 2ರವರೆಗೆ ಮುಚ್ಚಿತು. ಸರಕು ಸಾಗಣೆಗೆ ಭಾರೀ ನಷ್ಟವಾಯಿತು. ಆದರೆ ಜೀವಹಾನಿ ಆಗಲಿಲ್ಲ. ಹಳಿಯ ಚಲನೆಯನ್ನು ಸದಾ ಅಳೆಯುವ ಸಾಧನಗಳು ಎಚ್ಚರಿಸಿದ್ದರಿಂದ ರೈಲುಗಳನ್ನು ತಡೆದು ನಿಲ್ಲಿಸಲಾಗಿತ್ತು.

ಈ ಅಳತೆಯೇ ಇಂದಿನ ನಗರ ರೈಲು ಕಾಮಗಾರಿಯ ಪ್ರಾಣ. ಸುರಂಗದ ದಾರಿಯುದ್ದಕ್ಕೂ ರಸ್ತೆಯಲ್ಲಿ ಮೊಳೆಯಂಥ ಗುರುತುಗಳನ್ನು ನೆಟ್ಟು ಅವುಗಳ ಮಟ್ಟ ಅಳೆಯುತ್ತಾರೆ. ಕಟ್ಟಡಗಳ ಗೋಡೆಗೆ ಪುಟ್ಟ ಪಟ್ಟಕಗಳನ್ನು ಅಂಟಿಸಿ ದೂರದ ಯಂತ್ರದಿಂದ ಗುರಿಹಿಡಿಯುತ್ತಾರೆ. ಹಳೆಯ ಬಿರುಕುಗಳ ಮೇಲೆ ಅಳತೆಗೋಲು ಕೂರಿಸುತ್ತಾರೆ. ಅಂತರ್ಜಲದ ಒತ್ತಡ ತಿಳಿಯಲು ಪೀಜೋಮೀಟರ್ ಇಳಿಸುತ್ತಾರೆ. ಕುಸಿತ ಮೊದಲ ಮಿತಿ ಮುಟ್ಟಿದರೆ ಎಚ್ಚರಿಕೆ, ಎರಡನೆಯದನ್ನು ಮುಟ್ಟಿದರೆ ಕೆಲಸದ ಕ್ರಮದಲ್ಲಿ ಬದಲಾವಣೆ, ಮೂರನೆಯದಾದರೆ ಕೆಲಸವೇ ಬಂದ್. ಹೊರಬಂದ ಮಣ್ಣನ್ನು ತೂಗಿ ಲೆಕ್ಕ ಸರಿಹೋಯಿತೇ ಎಂದು ನೋಡುವುದೂ ಇದರಲ್ಲಿ ಸೇರಿದೆ.

ಕುಸಿಯುವ ಮೊದಲೇ ನೆಲವನ್ನು ಎತ್ತಿ ಹಿಡಿಯುವುದೂ ಸಾಧ್ಯ. 1990ರ ದಶಕದಲ್ಲಿ ಲಂಡನ್ನಿನ ಜ್ಯೂಬಿಲಿ ಮಾರ್ಗವನ್ನು ವಿಸ್ತರಿಸುವಾಗ ಬಿಗ್ ಬೆನ್ ಗಡಿಯಾರದ ಗೋಪುರ ವಾಲುವ ಭಯವಿತ್ತು. ಗೋಪುರದ ಬುನಾದಿಯ ಕೆಳಗೆ ಕೊಳವೆಗಳನ್ನು ತೂರಿಸಿ, ವಾಲಿದಷ್ಟಕ್ಕೂ ತಕ್ಕಂತೆ ಸಿಮೆಂಟಿನ ಗಂಜಿಯನ್ನು ಒತ್ತಡದಿಂದ ತುಂಬಿ ಗೋಪುರವನ್ನು ಹದ್ದಿನಲ್ಲಿಟ್ಟರು. ಆ ಮಾರ್ಗ 1999ರಲ್ಲಿ ಸಂಚಾರಕ್ಕೆ ತೆರೆಯಿತು.

ಸುರಂಗ ಮುಗಿದ ಮೇಲೂ ಎಚ್ಚರ ತಪ್ಪುವಂತಿಲ್ಲ. ಮೆಟ್ರೊ ಸುರಂಗದಲ್ಲಿ ಜಲ್ಲಿ ಇರುವುದಿಲ್ಲ. ಹಳಿ ಕಾಂಕ್ರೀಟ್ ಹಾಸಿನ ಮೇಲೆ ಕೂತಿರುತ್ತದೆ. ಜಲ್ಲಿಯಾದರೆ ಎತ್ತಿ ಬಿಗಿಮಾಡಬಹುದು. ಕಾಂಕ್ರೀಟ್ ಒಮ್ಮೆ ತಗ್ಗಿದರೆ ಹಳಿಯ ಅಡಿಗೆ ತೆಳು ಬಿಲ್ಲೆಗಳನ್ನು ಸೇರಿಸಿ ಸರಿಪಡಿಸಲು ಕೆಲವೇ ಮಿಲಿಮೀಟರುಗಳ ಅವಕಾಶ.

ಮನೆಯಂಗಳದಿಂದಲೇ ಆರಂಭ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಕ್ಕಳಿಗೆ ಈ ವಿದ್ಯೆಯ ಪ್ರಯೋಗಶಾಲೆ ಮನೆಯ ಮುಂದೆಯೇ ಇದೆ. ಶಾಲೆಯ ವಿಜ್ಞಾನ ಶಿಕ್ಷಕರ ನೆರವಿನಿಂದ ಒಂದು ಪ್ರಯೋಗ ಮಾಡಿ ನೋಡಬಹುದು. ಇಂಜಿನಿಯರುಗಳು ಎರೆಮಣ್ಣನ್ನು ಪರೀಕ್ಷಿಸುವುದೂ ಹೀಗೆಯೇ.

ಹೊಲದ ಎರೆಮಣ್ಣನ್ನು ಒಣಗಿಸಿ, ಪುಡಿಮಾಡಿ, ನುಣ್ಣಗೆ ಜರಡಿ ಹಿಡಿಯಿರಿ. ನೂರು ಮಿಲಿಲೀಟರಿನ ಎರಡು ಅಳತೆಯ ಗಾಜಿನ ಜಾಡಿಗಳಲ್ಲಿ ತಲಾ 10 ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. ಗಾಳಿಗುಳ್ಳೆ ಹೋಗುವಂತೆ ಕದಡಿ, ಒಂದು ದಿನ ಹಾಗೇ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯ ಜಾಡಿಯ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿ. ನೀರಿನಲ್ಲಿ 18, ಸೀಮೆಎಣ್ಣೆಯಲ್ಲಿ 10 ಬಂದರೆ ಉತ್ತರ ಶೇಕಡಾ 80. ಶೇಕಡಾ 50 ದಾಟಿತೆಂದರೆ ಆ ಮಣ್ಣಿನ ಮೇಲೆ ಏನು ಕಟ್ಟುವುದಿದ್ದರೂ ಹುಷಾರಾಗಿರಬೇಕು. ಅದೇ ಪ್ರಯೋಗವನ್ನು ಜಂಬಿಟ್ಟಿಗೆಯ ಕೆಂಪು ಮಣ್ಣಿನಿಂದಲೂ ಮಾಡಿ ಹೋಲಿಸಿದರೆ ಹಿರಿಯರು ಗರಸು ಹುಡುಕುತ್ತಿದ್ದುದೇಕೆ ಎಂದು ತಾನೇ ತಿಳಿಯುತ್ತದೆ. ಸೀಮೆಎಣ್ಣೆಯ ಹತ್ತಿರ ಬೆಂಕಿ ಸುಳಿಯದಂತೆ ದೊಡ್ಡವರು ನಿಂತು ನೋಡಿಕೊಳ್ಳಬೇಕು.

ಸಿವಿಲ್ ಇಂಜಿನಿಯರಿಂಗ್ ಎಂದರೆ ಇಟ್ಟಿಗೆ, ಸಿಮೆಂಟು ಎಂದಷ್ಟೇ ತಿಳಿದಿರುವ ಪಾಲಕರು ಕಡಿಮೆಯೇನಿಲ್ಲ. ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳು ಬೆಳಗಿನ ಜಾವ ರಸ್ತೆಯ ಗುರುತುಗಳ ಮಟ್ಟ ಅಳೆದು, ನಿನ್ನೆಗಿಂತ ಎರಡು ಮಿಲಿಮೀಟರ್ ಹೆಚ್ಚು ಇಳಿದಿದೆ ಎಂದು ಬರೆದಿಟ್ಟರೆ, ಆ ಒಂದು ಸಾಲಿನಿಂದ ಒಂದು ಬೀದಿಯ ಮನೆಗಳು ಉಳಿಯಬಹುದು. ಭೂವಿಜ್ಞಾನ, ಭೌತವಿಜ್ಞಾನ, ಗಣಿತ ಮೂರೂ ಇಲ್ಲಿ ಕೂಡುತ್ತವೆ. ಇದರ ಜೊತೆಗೆ ಬೇಕಾದದ್ದು ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ.

ಬಸವಕಲ್ಯಾಣ ಪಟ್ಟಣಕ್ಕೆ ಇನ್ನೂ ರೈಲು ಬಂದಿಲ್ಲ. ಬರಬೇಕೆಂಬ ಬೇಡಿಕೆ ಹಳೆಯದು. ಬರುವ ದಿನ ಬಂದರೆ ಊರಿಗೆ ಮೊದಲು ಬರುವುದು ಹಳಿಯಲ್ಲ, ಮಣ್ಣು ತೆಗೆದು ನೋಡುವ ಯಂತ್ರ. ಹೊಲದ ಅಂಚಿನಲ್ಲಿ ತೂತು ಕೊರೆದು, ಮೀಟರಿಗೊಂದರಂತೆ ಮಣ್ಣಿನ ಮಾದರಿ ತೆಗೆದು, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಆ ಪೆಟ್ಟಿಗೆಯ ಮುಂದೆ ಕುಳಿತು ಇದು ಎರೆ, ಇದು ಗರಸು, ಇದು ಕರಿಕಲ್ಲು ಎಂದು ಓದಿ ಹೇಳುವವರಲ್ಲಿ ಆ ಹೊಲದಲ್ಲೇ ಆಡಿ ಬೆಳೆದ ಒಬ್ಬರಾದರೂ ಇರಲಿ.